ಗೆಳೆಯನಿಗೊಂದು ಪತ್ರ: ಬೆಳಗಿನ ಬಿಸಿ ಓಟ್ಸ್ ಗಂಜಿ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ರಿಪೋರ್ಟ್ ನೋಡಿದೆ. ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 160 ದಾಟಿದೆ, ಶುಗರ್ ಗಡಿಯಲ್ಲಿ ನಿಂತಿದೆ. ಡಾಕ್ಟರು ಬೆಳಗ್ಗೆ ಓಟ್ಸ್ ತಿನ್ನಿ ಅಂದರಂತೆ, ಎರಡು ದಿನ ತಿಂದು ನಿನಗೆ ಸಾಕಾಯಿತಂತೆ. ದಾವಣಗೆರೆಯಲ್ಲಿ ಕೂತು ಬೆಣ್ಣೆ ದೋಸೆ ಬಿಡು ಅಂದರೆ ಯಾರಿಗಾದರೂ ಬೇಜಾರೇ, ಅಲ್ವಾ? ಆದರೂ ಇಷ್ಟು ಬೇಗ ಕೈಬಿಡಬೇಡ ಕಣೋ. ನೀನು ತಿಂದದ್ದು ಕುದಿನೀರು ಹೊಯ್ದು ಎರಡು ನಿಮಿಷ ಮುಚ್ಚಿಟ್ಟ ಪ್ಯಾಕೆಟ್ ಮಾಲು. ಅದರಲ್ಲಿ ಉಪ್ಪೋ ಸಕ್ಕರೆಯೋ ಜಾಸ್ತಿ ಇರುತ್ತದೆ, ರುಚಿ ಇರುವುದಿಲ್ಲ.

ನನಗೆ ಇದರ ರುಚಿ ಹತ್ತಿದ್ದು ಇಲ್ಲಿ, ಸ್ಕಾಟ್ಲೆಂಡಿನ ಅಬರ್ಡೀನ್‌ಗೆ ಬಂದ ಮೇಲೆ. ಡಿಸೆಂಬರ್‌ನಲ್ಲಿ ಇಲ್ಲಿ ಸೂರ್ಯ ಮುಖ ತೋರಿಸುವಾಗ ಬೆಳಗಿನ ಎಂಟೂಮುಕ್ಕಾಲು, ಮಧ್ಯಾಹ್ನ ಮೂರೂವರೆಗೆಲ್ಲ ಮುಳುಗಿಯೂ ಆಯಿತು. ಕತ್ತಲಲ್ಲೇ ಎದ್ದು ಕತ್ತಲಲ್ಲೇ ಕೆಲಸಕ್ಕೆ ಹೊರಡಬೇಕು. ಅಂಥ ಬೆಳಗ್ಗೆ ಎರಡು ಕೈಯಲ್ಲೂ ಹಿಡಿದುಕೊಂಡ ಬಿಸಿ ಬಟ್ಟಲು ಹೊಟ್ಟೆಗಿಂತ ಮೊದಲು ಮನಸ್ಸನ್ನು ಹದಕ್ಕೆ ತರುತ್ತದೆ. ಸ್ಕಾಟ್ಲೆಂಡಿನ ತಂಪು ಮಳೆಗೆ, ಹುಳಿ ಮಣ್ಣಿಗೆ ಗೋಧಿ ಅಷ್ಟಾಗಿ ಒಗ್ಗುವುದಿಲ್ಲ, ಓಟ್ಸ್ ಒಗ್ಗುತ್ತದೆ. ಹಾಗಾಗಿ ನೂರಾರು ವರ್ಷ ಇಲ್ಲಿನ ಬಡವರ ಹೊಟ್ಟೆ ತುಂಬಿಸಿದ್ದು ಇದೇ ಗಂಜಿ. ಇವರು ಅದನ್ನು ಪಾರಿಜ್ ಅನ್ನುತ್ತಾರೆ. ಇದರ ಮೇಲೆ ಎಷ್ಟು ಅಭಿಮಾನ ಅಂದರೆ, ಉತ್ತರದ ಗುಡ್ಡಗಾಡಿನ ಕಾರ್‌ಬ್ರಿಡ್ಜ್ ಎನ್ನುವ ಹಳ್ಳಿಯಲ್ಲಿ 1994ರಿಂದ ಪಾರಿಜ್ ಕಾಯಿಸುವ ವಿಶ್ವ ಚಾಂಪಿಯನ್‌ಶಿಪ್ ನಡೆಯುತ್ತಿದೆ. ಮುಖ್ಯ ಸ್ಪರ್ಧೆಗೆ ಓಟ್ಸ್, ನೀರು, ಉಪ್ಪು ಬಿಟ್ಟು ಬೇರೇನೂ ಹಾಕುವಂತಿಲ್ಲ. ಗೆದ್ದವರಿಗೆ ಚಿನ್ನದ ಬಣ್ಣದ ಸ್ಪರ್ಟಲ್ ಕೊಡುತ್ತಾರೆ. ಸ್ಪರ್ಟಲ್ ಅಂದರೆ ಗಂಜಿ ತಿರುವುವ ಮರದ ಕೋಲು. ನಮ್ಮ ಮುದ್ದೆ ಕೋಲಿನ ತಮ್ಮ ಅಂದುಕೋ.

ನನಗೆ ಕಲಿಸಿದವರು ಪಕ್ಕದ ಮನೆಯ ಅಜ್ಜಿ. ಒಂದು ಲೋಟ ಓಟ್ಸ್‌ಗೆ ಮೂರು ಲೋಟ ನೀರು, ಸಣ್ಣ ಉರಿ. ಮೊದಲಿಗೆ ಕಾಳು ಬೇರೆ ನೀರು ಬೇರೆ ಇರುತ್ತದೆ. ಆಗ ಇದೇನು ಆಗುವ ಮಾತಲ್ಲ ಅನ್ನಿಸುತ್ತದೆ. ತಿರುವುತ್ತಾ ಇರು. ನಿಧಾನಕ್ಕೆ ನೀರು ಬೆಳ್ಳಗಾಗುತ್ತದೆ, ಆಮೇಲೆ ಮಂದವಾಗುತ್ತದೆ, ಕೊನೆಗೆ ದಪ್ಪ ಗುಳ್ಳೆ ಎದ್ದು ಪುಳಕ್ ಪುಳಕ್ ಅಂತ ಒಡೆಯತೊಡಗುತ್ತದೆ. ಅಷ್ಟಾದ ಮೇಲೂ ಎರಡು ನಿಮಿಷ ಬಿಡು. ಚಪ್ಪಟೆ ಓಟ್ಸ್ ಆದರೆ ಹತ್ತು ನಿಮಿಷದ ಕೆಲಸ, ಕಡಿ ಓಟ್ಸ್ ಆದರೆ ಅರ್ಧ ಗಂಟೆ ಬೇಕು. ಕಡಿ ಓಟ್ಸ್ ಸಿಕ್ಕರೆ ಅದನ್ನೇ ತಗೋ. ನುರಿದಷ್ಟೂ ಬೇಗ ಅರಗಿ ಶುಗರ್ ಬೇಗ ಏರುತ್ತದೆ, ಕಡಿಯಲ್ಲಿ ಆ ಏರಿಕೆ ನಿಧಾನ. ಅಜ್ಜಿ ಪಕ್ಕದಲ್ಲೊಂದು ಚಿಕ್ಕ ಬಟ್ಟಲಲ್ಲಿ ತಣ್ಣನೆ ಹಾಲು ಇಟ್ಟುಕೊಂಡು, ಸುಡುವ ಗಂಜಿಯ ಒಂದೊಂದೇ ಚಮಚವನ್ನು ಅದರಲ್ಲಿ ಅದ್ದಿ ತಿನ್ನುತ್ತಾರೆ. ಬಾಯಲ್ಲಿ ಬಿಸಿ, ತಂಪು ಎರಡೂ ಒಟ್ಟಿಗೆ. ಒಮ್ಮೆ ಹಾಗೆ ತಿಂದು ನೋಡು.

ನಿನಗೆ ನಮ್ಮ ಕಡೆಯ ರುಚಿಯೇ ಬೇಕಾದರೆ ಅಂಬಲಿ ಮಾಡುವ ಹಾಗೆ ಮಾಡು. ಗಂಜಿ ಇಳಿಸಿ, ಉಗುರುಬೆಚ್ಚಗಾದ ಮೇಲೆ ಮಜ್ಜಿಗೆ ಬೆರೆಸು. ಒಲೆ ಮೇಲಿದ್ದಾಗಲೇ ಹಾಕಿದರೆ ಒಡೆದುಹೋಗುತ್ತದೆ. ಸಣ್ಣಗೆ ಹೆಚ್ಚಿದ ಈರುಳ್ಳಿ, ಜೀರಿಗೆ, ಒಂದೆಸಳು ಕರಿಬೇವು. ನಾನಂತೂ ಭಾನುವಾರ ಹೀಗೇ ಕುಡಿಯುವುದು.

ಈಗ ಕೊಲೆಸ್ಟ್ರಾಲ್ ವಿಷಯ. ಓಟ್ಸ್‌ನಲ್ಲಿ ಬೀಟಾ ಗ್ಲೂಕಾನ್ ಎಂಬ ನಾರಿನಂಶ ಇದೆ. ಗಂಜಿಗೆ ಆ ಲೋಳೆ ಬರುವುದೇ ಅದರಿಂದ. ಕರುಳಿನಲ್ಲೂ ಅದು ಹಾಗೇ ಲೋಳೆಯಾಗಿ, ಪಿತ್ತರಸದ ಒಂದಷ್ಟು ಅಂಶವನ್ನು ಹಿಡಿದುಕೊಂಡು ಮಲದ ಜೊತೆ ಹೊರಗೆ ಹೋಗುತ್ತದೆ. ಹೊಸ ಪಿತ್ತ ಮಾಡಲು ಲಿವರ್ ರಕ್ತದಿಂದ ಕೊಲೆಸ್ಟ್ರಾಲ್ ಎಳೆದುಕೊಳ್ಳುತ್ತದೆ. ಎಲ್‌ಡಿಎಲ್ ಇಳಿಯುವುದು ಹೀಗೆ. ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕಾನ್ ಹೊಟ್ಟೆಗೆ ಬಿದ್ದರೆ ಹೃದಯಕ್ಕೆ ಒಳ್ಳೆಯದು ಎಂಬ ಮಾತನ್ನು ಪ್ಯಾಕೆಟ್ ಮೇಲೆ ಹಾಕಲು ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1997ರಲ್ಲೇ ಒಪ್ಪಿಗೆ ಕೊಟ್ಟಿತು. ಅರ್ಧ ಕಪ್, ಅಂದರೆ ಸುಮಾರು 40 ಗ್ರಾಂ ಓಟ್ಸ್‌ನಲ್ಲಿ ಅದು ಒಂದೂವರೆ ಗ್ರಾಂ ಆಸುಪಾಸು ಇರುತ್ತದೆ. ಹಾಗಾಗಿ ಬೆಳಗಿನ ಗಂಜಿಗೆ ಅರ್ಧ ಕಪ್ ಹಾಕು, ಇನ್ನರ್ಧ ಕಪ್ಪನ್ನು ಪುಡಿ ಮಾಡಿ ರಾತ್ರಿಯ ರೊಟ್ಟಿ ಹಿಟ್ಟಿಗೆ ಸೇರಿಸು. ಬಾರ್ಲಿಯಲ್ಲೂ ಇದೇ ನಾರಿದೆ, ಓಟ್ಸ್ ಬೇಜಾರಾದ ದಿನ ಅದರ ಗಂಜಿ ಮಾಡಿಕೋ. ರಾಗಿ ಬಿಡು ಅಂತ ನಾನು ಹೇಳುತ್ತಿಲ್ಲ. ಕ್ಯಾಲ್ಸಿಯಂ ವಿಷಯದಲ್ಲಿ ರಾಗಿಯ ಮುಂದೆ ಓಟ್ಸ್ ಏನೂ ಅಲ್ಲ. ಆದರೆ ಕೊಲೆಸ್ಟ್ರಾಲ್‌ಗೆ ಬೇಕಾದ ಈ ಲೋಳೆ ಹೇರಳವಾಗಿ ಇರುವುದು ಓಟ್ಸ್, ಬಾರ್ಲಿಗಳಲ್ಲಿ.

ಪವಾಡ ಆಗುತ್ತೆ ಅಂದುಕೋಬೇಡ. ಎಲ್‌ಡಿಎಲ್ ನೂರಕ್ಕೆ ಐದಾರರಷ್ಟು ಇಳಿಯಬಹುದು, ಅದೂ ಕೆಲವು ವಾರ ಬಿಡದೆ ತಿಂದರೆ. ಡಾಕ್ಟರು ಮಾತ್ರೆ ಕೊಟ್ಟಿದ್ದರೆ ಓಟ್ಸ್ ತಿನ್ನುತ್ತಿದ್ದೀನಲ್ಲ ಅಂತ ಸುಮ್ನೆ ನಿಲ್ಲಿಸಬೇಡ. ಮೊದಮೊದಲು ಹೊಟ್ಟೆ ಉಬ್ಬರಿಸಬಹುದು, ಕಾಲು ಕಪ್‌ನಿಂದ ಶುರು ಮಾಡು, ನೀರು ಜಾಸ್ತಿ ಕುಡಿ. ಬೆಲ್ಲ ಸುರಿಯಬೇಡ, ಸಿಹಿ ಬೇಕೆನಿಸಿದರೆ ಅರ್ಧ ಬಾಳೆಹಣ್ಣು ಸಾಕು. ಹನ್ನೊಂದು ಗಂಟೆಗೆ ಹಸಿದು ಮಿರ್ಚಿ ಮಂಡಕ್ಕಿ ಅಂಗಡಿ ಕಡೆ ಕಾಲು ಎಳೆಯುವುದು ತಾನಾಗಿ ಕಮ್ಮಿಯಾಗುತ್ತದೆ ನೋಡು. ಹೊಟ್ಟೆ ಬಹಳ ಹೊತ್ತು ತುಂಬಿದ ಹಾಗೇ ಇರುತ್ತದೆ.

ಅತ್ತಿಗೆ ಮಾಡಿಕೊಡಲಿ ಅಂತ ಕಾಯಬೇಡ. ಅವರಿಗೆ ಬೆಳಗ್ಗೆ ಮಕ್ಕಳ ಡಬ್ಬಿಯ ಗಡಿಬಿಡಿ ಇರುತ್ತದೆ. ನೀನೇ ಹತ್ತು ನಿಮಿಷ ಒಲೆ ಮುಂದೆ ನಿಲ್ಲು, ಅವರಿಗೂ ಒಂದು ಬಟ್ಟಲು ಕೊಡು. ದೋಸೆ ಭಾನುವಾರಕ್ಕಿರಲಿ, ಬೆಣ್ಣೆ ಸ್ವಲ್ಪ ಕಮ್ಮಿ ಹಾಕಿಸು. ಮೂರು ತಿಂಗಳಿಗೆ ಮತ್ತೆ ಟೆಸ್ಟ್ ಮಾಡಿಸಿದಾಗ ರಿಪೋರ್ಟಿನ ಫೋಟೋ ಮೊದಲು ನನಗೆ ಕಳಿಸು, ನೀನು ಚೆನ್ನಾಗಿರಬೇಕು ಕಣೋ. ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಗೆಳೆಯ