ಗಾಡಿಯ ಮೇಲಿನ ಅಕ್ಕಿ ಮೂಟೆ

ನಾಕ್ಸ್‌ವಿಲ್, ಟೆನ್ನೆಸ್ಸೀ

ತೀರ್ಥರೂಪ ಅಪ್ಪನಿಗೆ,

ಸಾಷ್ಟಾಂಗ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ಅಮ್ಮ, ಸೌಮ್ಯ, ದೊಡ್ಡಪ್ಪನ ಮನೆಯವರು ಕ್ಷೇಮವೆಂದು ನಂಬಿದ್ದೇನೆ. ನಿಮ್ಮ ಪತ್ರ ನಿನ್ನೆ ತಲುಪಿತು. ವಾರವಾರವೂ ಫೋನಿನಲ್ಲಿ ಅಡಿಕೆ ಧಾರಣೆಯವರೆಗೆ ಎಲ್ಲ ಹೇಳುವವರು, ಇದೊಂದನ್ನು ಮಾತ್ರ ಅಮ್ಮನ ಕಿವಿಗೆ ಬೀಳಬಾರದೆಂದು ಅಂಚೆಗೆ ಹಾಕಿದ್ದೀರಿ. ಅದಕ್ಕೇ ನಾನೂ ಕಾಗದದಲ್ಲೇ ಉತ್ತರಿಸುತ್ತಿದ್ದೇನೆ.

ಅಪ್ಪ, ನಾವು ಮನೆ ಮಾರಿಲ್ಲ. ನಿಮ್ಮ ಅಳಿಯಂದಿರ ಕೆಲಸ ಹೋಗಿಲ್ಲ. ನಾವು ಗಾಡಿಯಲ್ಲಿ ವಾಸವಾಗಿಲ್ಲ. ಶಂಕರಣ್ಣನ ಮಗ ಅಟ್ಲಾಂಟಾದಿಂದ ಬಂದವನು ಒಂದು ಲೋಟ ಕಾಫಿ ಕುಡಿದು, ಮನೆ ಮುಂದಿನ ಟ್ರೇಲರಿನ ಫೋಟೋ ತೆಗೆದುಕೊಂಡು ಹೋದ. ಅದನ್ನು ನೋಡಿ ಶಂಕರಣ್ಣ ಊರಿಗೆಲ್ಲ ಕಥೆ ಕಟ್ಟಿದರು. ಗಾಡಿಯ ನೆತ್ತಿಯ ಮೇಲೆ ಅಕ್ಕಿ ಮೂಟೆಗಳಿದ್ದದ್ದು ನಿಜ. ಮನೆ ಖಾಲಿ ಮಾಡಿ ದಿನಸಿ ಹೇರಿಕೊಂಡು ಹೊರಟಿದ್ದಾರೆ ಎನ್ನುವುದು ಅವರ ತರ್ಕ. ಆ ಮೂಟೆಗಳು ಅಲ್ಲಿಗೆ ಹೇಗೆ ಹೋದವೆಂಬುದು ಬೇರೆಯೇ ಕಥೆ, ಮತ್ತು ಗಿರಣಿ ನಡೆಸಿದ ನಿಮಗಲ್ಲದೆ ಬೇರೆಯವರಿಗೆ ಅದು ಅರ್ಥವೂ ಆಗುವುದಿಲ್ಲ.

ಇದು ಮಡಚುವ ಟ್ರೇಲರ್. ಕಾರಿನ ಹಿಂದೆ ಕಟ್ಟಿ ಎಳೆಯುವುದು. ಒಳಗೆ ಮಂಚ, ಒಲೆ, ಸಿಂಕು ಎಲ್ಲ ಇವೆ. ಗೋಡೆ ಸಮೇತವಾದ ಛಾವಣಿ ಎರಡು ದೊಡ್ಡ ಮುಚ್ಚಳಗಳಂತಿದ್ದು, ಇಳಿಸಿದಾಗ ಒಂದರೊಳಗೆ ಒಂದು ಕೂರುತ್ತದೆ. ಆಗ ಎತ್ತರ ಅರ್ಧಕ್ಕರ್ಧ ಇಳಿದು, ದಾರಿಯಲ್ಲಿ ಗಾಳಿಯ ಹೊಡೆತವೂ ಇಲ್ಲ, ಪೆಟ್ರೋಲೂ ಉಳಿತಾಯ. ಬೇಸಿಗೆಯಲ್ಲಿ ಇಲ್ಲಿಯ ಜನ ತಮ್ಮ ಒಳ್ಳೆಯ ಮನೆಗೆ ಬೀಗ ಹಾಕಿ ಕಾಡಿನಲ್ಲಿ ಇಂಥದ್ದರೊಳಗೆ ಮಲಗಲು ಹೋಗುತ್ತಾರೆ. ಅದೂ ತಿಂಗಳುಗಟ್ಟಲೆ ಮೊದಲೇ ಜಾಗ ಕಾದಿರಿಸಿ! ಹತ್ತಿರದ ಗ್ರೇಟ್ ಸ್ಮೋಕಿ ಪರ್ವತಗಳ ರಾಷ್ಟ್ರೀಯ ಉದ್ಯಾನದಲ್ಲಿ ಎಲ್ಕ್‌ಮಾಂಟ್ ಎಂಬಲ್ಲಿ ಮೇ ಕೊನೆ, ಜೂನ್ ಹೊತ್ತಿಗೆ ಮಿಂಚುಹುಳುಗಳು ಸಾವಿರಗಟ್ಟಲೆ ಒಂದೇ ತಾಳದಲ್ಲಿ ಹೊತ್ತಿ ಒಟ್ಟಿಗೆ ಆರುತ್ತವೆ. ನೋಡಲು ಲಾಟರಿ ಎತ್ತುತ್ತಾರೆ. ಅಲ್ಲೇ ಬಿಡಾರ ಹೂಡಿದವರಿಗೆ ಲಾಟರಿ ಬೇಕಿಲ್ಲ. ಕರಡಿಗಳ ಭಯಕ್ಕೆ ಊಟದ ಸಾಮಾನಷ್ಟೇ ಅಲ್ಲ, ಹಲ್ಲುಜ್ಜುವ ಪೇಸ್ಟನ್ನೂ ಕಾರಿನೊಳಗಿಟ್ಟು ಬಾಗಿಲು ಹಾಕಬೇಕು. ಅಮ್ಮನಿಗೆ ಕರಡಿಯ ವಿಷಯ ಬೇಡ. ಅವು ತಮ್ಮ ಪಾಡಿಗೆ ತಾವಿರುತ್ತವೆ.

ಗಾಡಿ ಹೊಸದಲ್ಲ. ಮಂಡಿನೋವು ಬಂದು ತಿರುಗಾಟ ಬಿಟ್ಟ ಮುದುಕರೊಬ್ಬರಿಂದ ಅಗ್ಗಕ್ಕೆ, ಸಾಲವಿಲ್ಲದೆ ಕೊಂಡದ್ದು. ತೆರೆಯುವಾಗ ಒಂದು ಕೈಯಲ್ಲಿ ಎತ್ತಿದರೆ ಸಾಕು, ಮುಚ್ಚಳ ತಾನೇ ಮೇಲೇರುತ್ತಿತ್ತು. ನಿಮ್ಮ ಅಳಿಯಂದಿರಿಗೆ ಹಿಗ್ಗೋ ಹಿಗ್ಗು. ಮುಚ್ಚಲು ಹೋದಾಗ ದೊಡ್ಡ ಮುಚ್ಚಳ ಕೊನೆಯ ನಾಲ್ಕು ಬೆರಳು ಇಳಿಯಲೇ ಇಲ್ಲ. ಕೊಂಡಿ ಕೊಂಡಿಗೆ ತಾಗುತ್ತಿಲ್ಲ. ಮುಚ್ಚದಿದ್ದರೆ ಗ್ಯಾರೇಜಿನ ಬಾಗಿಲಲ್ಲಿ ಹೋಗುವುದಿಲ್ಲ. ಗ್ಯಾರೇಜಿಗೆ ಹೋಗದಿದ್ದರೆ ನಮ್ಮ ಬಡಾವಣೆಯ ಸಂಘದವರು ನೋಟಿಸ್ ಕಳುಹಿಸುತ್ತಾರೆ. ಮನೆ ಮುಂದಿನ ಹುಲ್ಲು ಎಷ್ಟು ಬೆಳೆಯಬಹುದು ಎಂಬುದಕ್ಕೂ ನಿಯಮವಿಟ್ಟುಕೊಂಡ ಜನ ಅವರು. ಹಾಗಾಗಿ ಗಾಡಿ ಬಾಯಿ ತೆರೆದುಕೊಂಡು ಅಂಗಳದಲ್ಲೇ ನಿಂತಿತ್ತು, ಶಂಕರಣ್ಣನ ಮಗ ಬಂದದ್ದೂ ಆಗಲೇ.

ಇವರೂ ಪಕ್ಕದ ಮನೆಯವರೂ ಮೇಲೆ ಹತ್ತಿ ಕೂರುವ ಉಪಾಯ ಹೂಡಿದರು. ಎರಡು ತೆಳು ಅಲ್ಯೂಮಿನಿಯಂ ತಗಡಿನ ನಡುವೆ ಫೋಮ್ ತುಂಬಿದ ಛಾವಣಿ ಅದು, ಮೇಲೆ ಕೂತರೆ ತಗ್ಗು ಬೀಳುತ್ತದೆ. ಇಬ್ಬರನ್ನೂ ಗದರಿಸಿ ಇಳಿಸಿದೆ. "ಮೊದಲು ಕಣ್ಣು, ಆಮೇಲೆ ಸ್ಪ್ಯಾನರ್" ಎಂದು ನೀವು ಗಿರಣಿಯ ಹುಡುಗರಿಗೆ ಹೇಳುತ್ತಿದ್ದಿರಲ್ಲ, ಹಾಗೆಯೇ ಒಂದೊಂದಾಗಿ ನೋಡುತ್ತ ಬಂದೆ. ಸಿಂಕಿನ ನಲ್ಲಿಯನ್ನು ಒಳಕ್ಕೆ ಮಡಚದಿದ್ದರೆ ಮುಚ್ಚಳಕ್ಕೆ ತಾಗುತ್ತದೆ, ಮಡಚಿಯೇ ಇತ್ತು. ಒಳಗಿನ ಗಾಳಿ ಹೊರಹೋಗದಿದ್ದರೂ ಇಳಿಯುವುದಿಲ್ಲ. ಕಿಟಕಿ ತೆರೆದೆ, ಅದೂ ಅಲ್ಲ. ಮೂಲೆಯ ಆನಿಕೆಗಳಲ್ಲಿ ಹಿಂದಿನದೊಂದು ಹೆಚ್ಚು ಬಿಗಿಯಾಗಿ ಚೌಕಟ್ಟು ತಿರುಚಿರಬಹುದೆಂದು ಅದನ್ನು ಸಡಿಲಿಸಿ, ರಸಮಟ್ಟ ಇಟ್ಟು ಸಮ ಮಾಡಿದೆ. ಆ ನಾಲ್ಕು ಬೆರಳಿನ ಸಂದು ಒಂದು ನೂಲೂ ಕದಲಲಿಲ್ಲ.

ಆಮೇಲೆ ಸಂದನ್ನೇ ನೋಡುತ್ತ ಕುಳಿತೆ. ಎಡಕ್ಕೂ ಬಲಕ್ಕೂ ಒಂದೇ ಅಳತೆ. ಏನಾದರೂ ಅಡ್ಡ ಸಿಕ್ಕಿದ್ದರೆ ಅಥವಾ ಚೌಕಟ್ಟು ತಿರುಚಿದ್ದರೆ ಒಂದು ಬದಿ ಹೆಚ್ಚು ತೆರೆದಿರಬೇಕಿತ್ತು. ಅಂಗೈ ಊರಿ ಒತ್ತಿದರೆ ಠಪ್ಪೆಂದು ತಡೆಯುವುದಿಲ್ಲ, ಮೆತ್ತಗೆ ಇಳಿದು, ಕೈ ಬಿಟ್ಟೊಡನೆ ಮೆತ್ತಗೆ ಏರುತ್ತದೆ. ಅಡಚಣೆ ಹಾಗೆ ವರ್ತಿಸುವುದಿಲ್ಲ, ಅಪ್ಪ, ಸ್ಪ್ರಿಂಗ್ ವರ್ತಿಸುತ್ತದೆ. ಮುಚ್ಚಳದ ಭಾರ ಹೊರಲೆಂದು ನೆಲದಡಿಯಲ್ಲಿ ಉಕ್ಕಿನ ಸರಳುಗಳಿವೆ, ಟಾರ್ಷನ್ ಬಾರ್ ಎನ್ನುತ್ತಾರೆ. ಮುಚ್ಚಳ ಇಳಿದಂತೆ ಸರಳು ತಿರುಚಿಕೊಳ್ಳುತ್ತದೆ, ಏರುವಾಗ ಬಿಚ್ಚಿಕೊಳ್ಳುತ್ತ ಎತ್ತಲು ನೆರವಾಗುತ್ತದೆ. ಗಿರಣಿಯ ಶಟರಿನ ತುಕ್ಕು ಹಿಡಿದ ಕೆಳಪಟ್ಟಿಯನ್ನು ಕತ್ತರಿಸಿ ತೆಗೆಸಿದ ಮೇಲೆ, ಎಳೆದಷ್ಟೂ ಅದು ಸರ್ರನೆ ಮೇಲಕ್ಕೆ ಓಡುತ್ತಿತ್ತಲ್ಲ, ಇಲ್ಲಿಯೂ ಅದೇ ಆಗಿರಬೇಕು ಅನಿಸಿತು. ಭಾರ ಎಲ್ಲೋ ಕಳೆದುಹೋಗಿದೆ!

ಏಣಿ ಹಾಕಿ ಛಾವಣಿ ನೋಡಿದೆ. ನಡುವೆ 14 ಇಂಚು ಚೌಕದ ತಗಡಿನ ತೇಪೆ. ಸುತ್ತಲಿನ ಸಂದುಗಳಿಗೆ ನೀರು ಸೋರದಂತೆ ಹಚ್ಚಿದ ಹಳೆಯ ಮೇಣ ಹಳದಿಗಟ್ಟಿ ಬಿರುಕು ಬಿಟ್ಟಿದ್ದರೆ, ತೇಪೆಯ ಅಂಚಿನದು ಮಾತ್ರ ಹಾಲಿನಂತೆ ಬಿಳಿ. ಮುದುಕರಿಗೆ ಫೋನ್ ಮಾಡಿದರೆ, "ಹೌದು, ಅಲ್ಲಿದ್ದ ಎ.ಸಿ. ಬಿಚ್ಚಿ ಮೊಮ್ಮಗನಿಗೆ ಕೊಟ್ಟೆ" ಎಂದರು. ಆ ಯಂತ್ರ ಸುಮಾರು 40 ಕಿಲೋ ತೂಗುತ್ತದೆ. ಸರಳುಗಳು ಇನ್ನೂ ಅದರ ಭಾರವನ್ನೂ ಲೆಕ್ಕಹಿಡಿದು ಎತ್ತುತ್ತಿದ್ದವು. ಉದ್ಯಾನದ ಬಿಡಾರದಲ್ಲಿ ಕರೆಂಟೇ ಇಲ್ಲವಾದ್ದರಿಂದ ನಮಗೆ ಎ.ಸಿ. ಬೇಕಿರಲಿಲ್ಲ. ಅದರ ತೂಕ ಮಾತ್ರ ಬೇಕಿತ್ತು.

ಸರಳಿನ ಬಿಗಿ ಹೊಂದಿಸುವ ಬೋಲ್ಟಿಗೆ ಕೈ ಹಾಕುವ ಮೊದಲು ಖಾತ್ರಿ ಮಾಡಿಕೊಳ್ಳಬೇಕಲ್ಲ. ನಮ್ಮಲ್ಲಿದ್ದದ್ದು, ಎದುರು ಮನೆಯ ತೆಲುಗಿನವರಿಂದ ತಂದದ್ದು ಸೇರಿ 20 ಪೌಂಡಿನ ಸೋನಾ ಮಸೂರಿ ಚೀಲ ನಾಲ್ಕು. ತೇಪೆಯ ಮೇಲೆ ಹಲಗೆ ಇಟ್ಟು, ಅದರ ಮೇಲೆ ಚೀಲ ಹೇರಿ ಇಳಿಸಿದರೆ, ಮುಚ್ಚಳ ಕೂಸು ಮಲಗಿದ ಹಾಗೆ ಕೂತಿತು, ಕೊಂಡಿ ಕ್ಲಿಕ್ ಎಂದಿತು. ಶಂಕರಣ್ಣ ಕಂಡ ಅಕ್ಕಿ ಮೂಟೆ ಇದೇ. ಹಾಗೇ ಹೇರಿಕೊಂಡೇ ಹೋಗೋಣ ಎಂದರು ಇವರು!

ಚೀಲ ಇಳಿಸಿ, ಮುಚ್ಚಳವನ್ನು ಪೂರ್ತಿ ಎತ್ತಿ ಬಿಟ್ಟೆ. ಆಗಲೇ ಸರಳಿನ ಬಿಗಿ ಕಡಿಮೆ, ಇಳಿದಿರುವಾಗ ಬೋಲ್ಟ್ ಮುಟ್ಟಿದರೆ ಕೈ ಹೋಗುತ್ತದೆ. ಎರಡೂ ಬದಿಗೆ ಸಮನಾಗಿ ಅರ್ಧರ್ಧ ಸುತ್ತು ಸಡಿಲಿಸುವುದು, ಇಳಿಸಿ ನೋಡುವುದು, ಮತ್ತೆ ಎತ್ತುವುದು. ಹೆಚ್ಚು ಸಡಿಲಿಸಿದರೆ ಮುಚ್ಚಳ ಧಡಾರನೆ ತಲೆಯ ಮೇಲೆ ಬೀಳುತ್ತದೆ, ಆದ್ದರಿಂದ ಅವಸರಪಡಲಿಲ್ಲ. ಅಂಚಿನ ರಬ್ಬರಿಗೆ ಸಿಲಿಕೋನ್ ಹೊಡೆದೆ. ಈಗ ಎತ್ತಲು ಕೊಂಚ ಬಲ ಬೇಕು, ಇಳಿಸಲು ಅಂಗೈ ಸಾಕು. ಗಾಡಿ ಗ್ಯಾರೇಜಿನಲ್ಲಿದೆ. ಸಂಘದವರ ನೋಟಿಸ್ ಮಾತ್ರ ಮರುದಿನ ಬಂತು.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಛತ್ರದವರಿಂದ ಅಡ್ವಾನ್ಸ್ ವಾಪಸು ಕೇಳುತ್ತೇನೆ, ಮನೆಯಂಗಳದಲ್ಲೇ ಚಪ್ಪರ ಹಾಕಿ ಸೌಮ್ಯಳ ಮದುವೆ ಮುಗಿಸೋಣ ಎಂದು ಬರೆದಿದ್ದೀರಿ. ದಯವಿಟ್ಟು ಕೇಳಬೇಡಿ. ತುಳಸಿ ಹಬ್ಬ ಕಳೆದ ಮೇಲೆ ಸಿಕ್ಕಿದ ಒಳ್ಳೆಯ ಮುಹೂರ್ತ, ಇನ್ನೊಮ್ಮೆ ಛತ್ರ ಸಿಗುವುದಿಲ್ಲ. ನಾವು ಕೊಡುತ್ತೇವೆಂದ ಹಣ ಬೇರೆಯೇ ಇದೆ, ಗಾಡಿಗೂ ಅದಕ್ಕೂ ಸಂಬಂಧವಿಲ್ಲ. ಇವರ ಕಚೇರಿಯಲ್ಲಿ ಕೆಲವರನ್ನು ಮನೆಗೆ ಕಳುಹಿಸಿದ್ದಾರೆ ಎಂದು ಅದೇ ಹುಡುಗ ಹೇಳಿರಬಹುದು. ಅದು ಬೇರೆ ವಿಭಾಗ, ಅಪ್ಪ. ಕಟ್ಟಡ ಒಂದೇ ಆದರೂ ಬೇರೆ ಮಹಡಿ. ಇವರ ಮೇಲಧಿಕಾರಿ ತಾವಾಗಿಯೇ ಕರೆದು ನಿಮಗೇನೂ ಚಿಂತೆಯಿಲ್ಲ ಎಂದಿದ್ದಾರೆ. ಸೆಪ್ಟೆಂಬರ್‌ವರೆಗಂತೂ ಏನೇನೂ ಇಲ್ಲ. ಆಮೇಲೂ ಇಲ್ಲ. ಒಂದು ವೇಳೆ ಇದ್ದರೂ ನನ್ನ ಸಂಬಳವಿದೆ, ಮದುವೆಯ ಹಣ ನನ್ನ ಖಾತೆಯಲ್ಲೇ ಇದೆ. ಹಾಗೆ ಏನೂ ಆಗುವುದಿಲ್ಲ. ನೀವು ನಿದ್ದೆಗೆಟ್ಟು ಬಿ.ಪಿ. ಏರಿಸಿಕೊಳ್ಳಬೇಡಿ.

ಇವರು ಅಂಚೆ ಕಚೇರಿಗೆ ಹೊರಟು ಬಾಗಿಲಲ್ಲಿ ನಿಂತಿದ್ದಾರೆ, ಇಲ್ಲಿಗೇ ನಿಲ್ಲಿಸುತ್ತೇನೆ. ಹಣ ಸೋಮವಾರವೇ ಕಳುಹಿಸುತ್ತೇನೆ, ಬಂದೊಡನೆ ಛತ್ರದವರದ್ದೂ ಅಡುಗೆ ಭಟ್ಟರದ್ದೂ ಬಾಕಿ ತೀರಿಸಿಬಿಡಿ. ಸೌಮ್ಯಳ ರವಿಕೆಯ ಅಳತೆ ಮೊಬೈಲಿಗೆ ಕಳುಹಿಸಲು ಹೇಳಿ. ಅಮ್ಮನಿಗೆ ಪತ್ರ ಓದಿ ಹೇಳುವುದಾದರೆ ಮೊದಲ ಹಾಳೆ ಸಾಕು, ಕರಡಿ ಬಿಟ್ಟು.

ನಿಮ್ಮ ಮಗಳು,
ವಿದ್ಯಾ