ಗಾಳಿಯ ಕಣ್ಣು

ಪ್ರೀತಿಯ ಗೆಳೆಯಾ,

ಮೊನ್ನೆ ಬಸ್ಸಿನಲ್ಲಿ ವಿಂಡೋ ಸೀಟಿಗಾಗಿ ನನ್ನ ಜೊತೆ ಜಗಳ ಆಡಿ ಗೆದ್ದೆಯಲ್ಲ? ಆಮೇಲೆ ಗಾಜು ಸರಿಸಲು ಬಾರದೆ, ಘಾಟಿ ಇಳಿಯುವ ತನಕ ಕಣ್ಣು ಒರೆಸುತ್ತಾ ಕೂತೆ. ನಾನು ಮನೆಗೆ ಬಂದು ಸುಮ್ನೆ ಆ 'ವಿಂಡೋ' ಪದದ ಹುಟ್ಟು ಹುಡುಕಿದೆ. ಅರ್ಥ ಏನು ಗೊತ್ತಾ ಮಾರಾಯ? ಗಾಳಿಯ ಕಣ್ಣು!

ಅದು ಇಂಗ್ಲಿಷರ ಸ್ವಂತ ಪದ ಅಲ್ಲ. ಹಳೆಯ ನಾರ್ಸ್, ಅಂದರೆ ಸ್ವೀಡನ್, ನಾರ್ವೆ, ಡೆನ್ಮಾರ್ಕ್ ಕಡೆಯ ವೈಕಿಂಗರ ಭಾಷೆಯಲ್ಲಿ 'ವಿಂಡ್ರ್' ಅಂದರೆ ಗಾಳಿ, 'ಔಗ' ಅಂದರೆ ಕಣ್ಣು. ಸೇರಿಸಿದರೆ 'ವಿಂಡೌಗ'. 9ನೇ ಶತಮಾನದಲ್ಲಿ ಇಂಗ್ಲೆಂಡನ್ನು ದೋಚಲು ಬಂದ ವೈಕಿಂಗರಲ್ಲಿ ಎಷ್ಟೋ ಜನ ಅಲ್ಲೇ ಉತ್ತರ, ಪೂರ್ವ ಭಾಗದಲ್ಲಿ ಬೇಸಾಯ ಮಾಡಿಕೊಂಡು ಉಳಿದರು. ಅವರ ಮಾತೂ ಉಳಿಯಿತು. ಅವರದು ಉದ್ದನೆಯ ಮನೆ, ನಟ್ಟನಡುವೆ ಬೆಂಕಿ, ಮಾಡಿನಲ್ಲಿ ಒಂದು ತೂತು. ಹೊಗೆ ಹೋಗುವುದೂ ಅಲ್ಲೇ, ಬೆಳಕು ಬರುವುದೂ ಅಲ್ಲೇ. ಗಾಜು ಎಲ್ಲಿಂದ ಬರಬೇಕು? ಗಾಳಿ ನೇರ ಒಳಗೆ.

ಅದಕ್ಕೂ ಮೊದಲು ಇಂಗ್ಲಿಷಿನಲ್ಲಿ ಕಿಟಕಿಗೆ 'ಕಣ್ಣಿನ ತೂತು' ಎಂಬ ಅರ್ಥದ ಪದ ಇತ್ತು, 'ಏಗ್‌ಥಿರ್ಲ್' ಅಂತ. ಅದು ಸತ್ತೇಹೋಯಿತು. ಆದರೆ ಅದರ ಬಾಲ ನಿನ್ನ ಮುಖದ ಮೇಲೇ ಇದೆ: 'ನಾಸ್ಟ್ರಿಲ್' ಅಂದರೆ ಮೂಗಿನ 'ಥಿರ್ಲ್', ಮೂಗಿನ ತೂತು. ನಡುವೆ ಲ್ಯಾಟಿನ್ ಮೂಲದ 'ಫೆನೆಸ್ಟರ್' ಕೂಡ ಇಂಗ್ಲಿಷಿಗೆ ಬಂದು, 16ನೇ ಶತಮಾನದ ಹೊತ್ತಿಗೆ ಮರೆಯಾಯಿತು. ಜರ್ಮನ್ನರು ಇವತ್ತಿಗೂ 'ಫೆನ್‌ಸ್ಟರ್' ಅನ್ನುತ್ತಾರೆ. ತಮಾಷೆ ಅಂದರೆ ಸ್ವೀಡನ್ನಿನವರೂ ಗಾಳಿಯ ಕಣ್ಣು ಬಿಟ್ಟು ಅದನ್ನೇ ಹಿಡಿದುಕೊಂಡರು!

ಈಗ ನಮ್ಮ ಗವಾಕ್ಷಿ ನೋಡು. ಸಂಸ್ಕೃತದಿಂದ ಬಂದದ್ದು, ಬಿಡಿಸಿದರೆ ಹಸುವಿನ ಕಣ್ಣು. ಅವರ 'ಔಗ', ಇದರ 'ಅಕ್ಷಿ' ಎರಡೂ ಒಂದೇ ಬೇರಿನವು. 'ವಿಂಡ್' ಮತ್ತು ಸಂಸ್ಕೃತದ 'ವಾತ' ಕೂಡ ಹಾಗೇ. ಅಷ್ಟು ದೂರದ ಎರಡು ಕಡೆಯ ಜನಕ್ಕೆ ಮನೆಯ ತೂತು ಕಣ್ಣಿನ ಹಾಗೆ ಕಂಡಿತಲ್ಲ! 'ಕಿಟಕಿ' ಉತ್ತರ ಭಾರತದ ಕಡೆಯಿಂದ ಬಂದ ಪದ. ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ ನಮ್ಮ 'ಬೆಳಕಿಂಡಿ'. ಕಣ್ಣೂ ಇಲ್ಲ, ಹಸುವೂ ಇಲ್ಲ. ಬೆಳಕು ಬರುವ ಕಿಂಡಿ, ಅಷ್ಟೆ.

ಮುಂದಿನ ಸಲವೂ ಆ ಸೀಟು ನೀನೇ ಇಟ್ಟುಕೋ. ನನಗೆ ನಡುವಿನದೇ ಸಾಕು.

ನಿನ್ನ ಗೆಳೆಯ