ಬಿಟ್ಟಿ ಜಾಗಕ್ಕೆ ಟಿಕೆಟ್ ಮಾರಿದ್ದರ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ವಿದೇಶ ಪ್ರವಾಸ ವಿಭಾಗ, ಹುಬ್ಬಳ್ಳಿ ಶಾಖೆ

ವಿಷಯ: ಸಿಯೆನಾದ ಪಾಲಿಯೊ ಕುದುರೆ ಓಟಕ್ಕೆಂದು ಪಡೆದ ಹಣವನ್ನು ವಾಪಸ್ ಕೊಡುವ ಬಗ್ಗೆ

ಮಾನ್ಯರೇ,

ನಿಮ್ಮ ಇಟಲಿ ಪ್ರವಾಸಕ್ಕೆ ಶಿರಸಿಯಿಂದ ಬಂದವರು ನಾವು ಮೂವರು. ನಾನು, ನನ್ನ ಹೆಂಡತಿ, ಎಪ್ಪತ್ತು ದಾಟಿದ ನಮ್ಮ ಅತ್ತೆ. ಆಗಸ್ಟ್ 16ರ ಪಾಲಿಯೊ ಓಟ ತೋರಿಸುತ್ತೇವೆಂದು ಪ್ಯಾಕೇಜಿನ ಮೇಲೆ ತಲೆಗೆ 14,000 ರೂಪಾಯಿ ಬೇರೆ ಕಟ್ಟಿಸಿಕೊಂಡಿರಿ. ರಸೀದಿಯಲ್ಲಿ ‘ಪ್ರವೇಶ ಟಿಕೆಟ್ ಮತ್ತು ಕಾಯ್ದಿರಿಸಿದ ಜಾಗ’ ಎಂದು ಬರೆದಿದೆ. ನಿಮ್ಮ ಬ್ರೋಷರ್‌ನಲ್ಲಿ ಬಾಲ್ಕನಿಯಲ್ಲಿ ಆರಾಮಾಗಿ ಕುಳಿತು ಓಟ ನೋಡುವವರ ಫೋಟೋ ಇದೆ. ನಾವು ದುಡ್ಡು ಕೊಟ್ಟಿದ್ದು ಆ ಫೋಟೋ ನೋಡಿ.

ನಮ್ಮನ್ನು ನಿಲ್ಲಿಸಿದ್ದು ಪಿಯಾಜ್ಜಾ ದೆಲ್ ಕಾಂಪೊ ಚೌಕದ ನಟ್ಟನಡುವೆ, ಜನಜಂಗುಳಿಯಲ್ಲಿ. ಅಲ್ಲಿಗೆ ಟಿಕೆಟ್ಟೇ ಇಲ್ಲ. ಯಾರು ಬೇಕಾದರೂ ಹೋಗಿ ನಿಲ್ಲಬಹುದು, ಪೂರಾ ಉಚಿತ. ಬಾಗಿಲಲ್ಲಿ ಪೊಲೀಸರು ಚೀಲ ತೆಗೆಸಿ ನೋಡಿದರು, ಅಷ್ಟೇ. ನಿಮ್ಮವರು ಕೊರಳಿಗೆ ಹಾಕಿದ್ದ ನೀಲಿ ಟ್ಯಾಗನ್ನು ಯಾರೂ ಕಣ್ಣೆತ್ತಿ ಸಹ ನೋಡಲಿಲ್ಲ. ಒಳಗೆ ಪಕ್ಕದಲ್ಲಿ ನಿಂತಿದ್ದ ಆ ಊರಿನವರೊಬ್ಬರು, ಇದೇನು ಎಂದು ಕೇಳಿದರು. ಟಿಕೆಟ್ ಎಂದೆ. ಅವರು ತಮ್ಮ ಹೆಂಡತಿಯನ್ನು ಕರೆದು ತೋರಿಸಿ ನಕ್ಕರು. ಮಾರಿಕಾಂಬಾ ಜಾತ್ರೆಯಲ್ಲಿ ಬಿಡಕಿಬೈಲಿನಲ್ಲಿ ನಿಂತು ತೇರು ನೋಡುವುದಕ್ಕೆ ಯಾರಾದರೂ ದುಡ್ಡು ಕೇಳಿದರೆ ನಾವೂ ಹಾಗೇ ನಗುತ್ತಿದ್ದೆವು. ಹಣ ಕೊಡಬೇಕಾದದ್ದು ಓಟದ ದಾರಿಯ ಸುತ್ತ ಕಟ್ಟುವ ಮೆಟ್ಟಿಲು ಗ್ಯಾಲರಿಗೆ, ಮನೆಗಳ ಕಿಟಕಿ ಮತ್ತು ಬಾಲ್ಕನಿಗಳಿಗೆ. ಅದನ್ನು ನಮಗೆ ಕೊಡಿಸಲಿಲ್ಲ.

ಉಚಿತವಾದರೂ ಆ ಜಾಗ ಸುಲಭದ್ದಲ್ಲ. ಒಮ್ಮೆ ದಾರಿ ಮುಚ್ಚಿದರೆ ಓಟ ಮುಗಿಯುವವರೆಗೆ ಹೊರಗೆ ಬರುವ ಹಾಗಿಲ್ಲ. ನೆರಳಿಲ್ಲ, ಕುರ್ಚಿ ಇಲ್ಲ, ಶೌಚಾಲಯ ಇಲ್ಲ. ಕಾಲಡಿಯ ಇಟ್ಟಿಗೆ ಆಗಸ್ಟ್ ಬಿಸಿಲಿಗೆ ಕಾದು ಹೋಗಿತ್ತು. ವಯಸ್ಸಾದವರು ಇದ್ದಾರೆ ಎಂದು ಬುಕಿಂಗ್ ಫಾರಂನಲ್ಲೇ ಬರೆದಿದ್ದೆವು. ಅತ್ತೆ ಚಪ್ಪಲಿ ಕಳಚಿ ಅದರ ಮೇಲೇ ಕುಳಿತರು. ಬಾಯಾರಿದರೂ ನೀರು ಕುಡಿಯಲಿಲ್ಲ. ಯಾಕೆ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ಗೈಡ್ ನಮ್ಮನ್ನು ಬಾಗಿಲವರೆಗೆ ಬಿಟ್ಟು ‘ಎಂಜಾಯ್ ಮಾಡಿ’ ಎಂದು ಹೋದವರು ಮತ್ತೆ ಕಾಣಲಿಲ್ಲ.

ಈಗ ಸಮಯದ ವಿಷಯ. ನನಗೆ ಜಾಸ್ತಿ ಸಿಟ್ಟು ಬಂದಿರುವುದು ಇದಕ್ಕೇ. ನಿಮ್ಮ ವೇಳಾಪಟ್ಟಿಯಲ್ಲಿ ಓಟ 4.30ಕ್ಕೆ, ಫ್ಲಾರೆನ್ಸ್‌ಗೆ ಬಸ್ 7 ಗಂಟೆಗೆ ಎಂದಿದೆ. ಆಗಸ್ಟಿನ ಓಟ ಶುರುವಾಗುವುದೇ ಸಂಜೆ ಏಳರ ಸುಮಾರಿಗೆ. ಅದಕ್ಕೂ ಮೊದಲು ಹಳೆಯ ಕಾಲದ ಉಡುಪು, ಬಾವುಟ, ತಮಟೆಗಳ ಉದ್ದನೆಯ ಮೆರವಣಿಗೆ. ಆಮೇಲೂ ಇಷ್ಟೇ ಹೊತ್ತಿಗೆ ಎಂದು ಹೇಳಲು ಯಾರಿಂದಲೂ ಆಗುವುದಿಲ್ಲ. ಊರಿನ 17 ಕೇರಿಗಳಲ್ಲಿ 10 ಕೇರಿಗಳ ಕುದುರೆ ಓಡುತ್ತವೆ. ಒಂಬತ್ತು ಕುದುರೆಗಳು ಎರಡು ಹಗ್ಗಗಳ ನಡುವೆ ನಿಲ್ಲಬೇಕು. ಹತ್ತನೆಯದು ಹಿಂದಿನಿಂದ ಓಡಿಬಂದಾಗಲೇ ಮುಂದಿನ ಹಗ್ಗ ಬೀಳುವುದು. ಆ ಹತ್ತನೆಯ ಸವಾರ ಬೇಕೆಂದೇ ಸತಾಯಿಸುತ್ತಾನೆ. ತನ್ನ ಕೇರಿಯ ಎದುರಾಳಿ ಕುದುರೆ ಸರಿಯಾಗಿ ನಿಂತಿದ್ದರೆ ಅವನು ಹೊರಡುವುದೇ ಇಲ್ಲ. ಸಾಲು ಕೆಟ್ಟರೆ ಎಲ್ಲರನ್ನೂ ಹೊರಗೆ ಕರೆದು ಮತ್ತೆ ಮೊದಲಿನಿಂದ. ಒಂದು ತಾಸು ಹಿಡಿದರೂ ಅಲ್ಲಿಯವರಿಗೆ ಅದೇನೂ ವಿಶೇಷವಲ್ಲ. ಮಳೆ ಬಂದು ಮಣ್ಣು ಒದ್ದೆಯಾದರೆ ಓಟವೇ ಮರುದಿನಕ್ಕೆ ಹೋಗುತ್ತದೆ. ಇದು ಮೊನ್ನೆ ಮೊನ್ನೆ ಹುಟ್ಟಿದ ಆಟವಲ್ಲ, 1600ರ ದಶಕಗಳಿಂದ ಇದೇ ಚೌಕದಲ್ಲಿ ನಡೆಯುತ್ತಿದೆ. ಇದನ್ನು ಮಾರುವ ಕಂಪನಿಗೆ ಇಷ್ಟೂ ಗೊತ್ತಿರಬೇಕಲ್ವಾ?

ಓಟ ಮೂರು ಸುತ್ತು, ಒಂದೂವರೆ ನಿಮಿಷವೂ ಇಲ್ಲ. ಜೀನು ಇಲ್ಲದ ಕುದುರೆ, ಕೈಯಲ್ಲಿ ಚಾಟಿ. ಸವಾರ ಬಿದ್ದರೂ ಬರೀ ಕುದುರೆ ಮೊದಲು ಮುಟ್ಟಿದರೆ ಆ ಕೇರಿಗೇ ಗೆಲುವು. ನಮಗೆ ಕಂಡದ್ದು ಜನರ ತಲೆಗಳ ಮೇಲೆ ಸರ್ರನೆ ಹೋದ ಬಣ್ಣದ ಟೊಪ್ಪಿಗೆಗಳು ಮಾತ್ರ. ಅತ್ತೆಗೆ ಅದೂ ಇಲ್ಲ. ಸುತ್ತಲಿನವರು ಕಿರುಚಿದ್ದು ಕೇಳಿಸಿತಂತೆ. ಆದರೂ ಒಂದು ಮಾತು ಹೇಳುತ್ತೇನೆ: ಓಟ ಮುಗಿದ ಕ್ಷಣಕ್ಕೆ ಗೆದ್ದ ಕೇರಿಯ ದೊಡ್ಡ ಗಂಡಸರೆಲ್ಲ ಮಕ್ಕಳ ಹಾಗೆ ಅಳುತ್ತಾ ಓಡಿದ್ದನ್ನು ನೋಡಿದೆವು. ಅದಕ್ಕೆ ಬೆಲೆ ಕಟ್ಟಲಾಗದು. ಆದರೆ ಅದು ನೀವು ಮಾರಿದ ಸರಕಲ್ಲ.

ಹೊರಗೆ ಬಂದಾಗ ಬಸ್ ಹೋಗಿಯಾಗಿತ್ತು. ಓಟಕ್ಕೆ ಹಣ ಕಟ್ಟದೆ ಊರು ಸುತ್ತಿದವರೆಲ್ಲ ಹೊತ್ತಿಗೆ ಸರಿಯಾಗಿ ಬಸ್ ಹತ್ತಿದ್ದರು. ಫ್ಲಾರೆನ್ಸ್‌ವರೆಗೆ ಟ್ಯಾಕ್ಸಿಗೆ 170 ಯೂರೋ ತೆತ್ತೆವು.

ನಿಮ್ಮ ಇಮೇಲ್ ಉತ್ತರದಲ್ಲಿ ‘ಓಟ ನೋಡಿದ್ದೀರಿ, ಆದ್ದರಿಂದ ಸೇವೆ ಪೂರ್ಣವಾಗಿದೆ’ ಎಂದಿದ್ದೀರಿ. ಹಾಗಿದ್ದರೆ 42,000 ರೂಪಾಯಿ ಯಾರಿಗೆ, ಯಾವುದಕ್ಕೆ ಕೊಟ್ಟಿರಿ ಎಂಬ ಬಿಲ್ ಕಳಿಸಿ. ಟಿಕೆಟ್ ಇಲ್ಲದ ಜಾಗಕ್ಕೆ ಬಿಲ್ ಎಲ್ಲಿಂದ ಬರುತ್ತದೋ ನೋಡೋಣ.

ಆ 42,000 ರೂಪಾಯಿ ಮತ್ತು ಟ್ಯಾಕ್ಸಿ ಹಣವನ್ನು ಈ ಪತ್ರ ಮುಟ್ಟಿದ 15 ದಿನದೊಳಗೆ ನನ್ನ ಖಾತೆಗೆ ಹಾಕಬೇಕು. ಮುಂದಿನ ಪ್ರವಾಸಕ್ಕೆ ರಿಯಾಯಿತಿ ಕೂಪನ್ ಕೊಡುತ್ತೇವೆ ಎಂದು ಫೋನ್ ಮಾಡಬೇಡಿ, ಅದು ಬೇಡ. ಹಣ ಬಾರದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ನಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನೀವು ಘಟ್ಟ ಇಳಿದು ಅಲ್ಲಿಗೆ ಬರಬೇಕಾಗುತ್ತದೆ.

ರಸೀದಿ, ಬ್ರೋಷರ್ ಪುಟ, ವೇಳಾಪಟ್ಟಿ, ಟ್ಯಾಕ್ಸಿ ಬಿಲ್ಲಿನ ಪ್ರತಿಗಳನ್ನು ಲಗತ್ತಿಸಿದ್ದೇನೆ. ನೀಲಿ ಟ್ಯಾಗಿನ ಫೋಟೋ ಕೂಡ ಇದೆ. ಮೂಲ ಟ್ಯಾಗನ್ನು ಆಯೋಗಕ್ಕೆಂದು ಇಟ್ಟುಕೊಂಡಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ
ಶಿರಸಿ, ಉತ್ತರ ಕನ್ನಡ